ತೇಲುವ ಬಂದರಿನ ತಳದ ಕೆಸರು

ನಮ್ಮ ಶಾಲೆಯ ಚರಿತ್ರೆಯ ಪಾಠಗಳಲ್ಲಿ ಬ್ರಿಸ್ಟಲ್ ಎಂಬ ಊರಿನ ಹೆಸರು ಬಂದರೆ ಒಂದೇ ಒಂದು ಸಲ ಬರುತ್ತದೆ. ರಾಜಾ ರಾಮಮೋಹನರಾಯರು 1833ರ ಸೆಪ್ಟೆಂಬರ್ 27ರಂದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ತೀರಿಕೊಂಡರು ಎಂಬ ಸಾಲಿನಲ್ಲಿ. ಮೇಷ್ಟ್ರು ಹೇಳುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಆ ಊರು ಎಂಥದ್ದು, ಅದು ಯಾರ ಬೆವರಿನಿಂದ ದೊಡ್ಡದಾಯಿತು, ಅದರ ನಡುವೆ ನಿಂತಿರುವ ನೀರು ಹೇಗೆ ನಿಂತಿತು ಅಂತ ಕೇಳುವವರಿಲ್ಲ. ರಾಯರು ತೀರಿಕೊಳ್ಳುವುದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಅದೇ ವರ್ಷದ ಆಗಸ್ಟ್ 28ರಂದು, ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನಿಗೆ ರಾಜಮುದ್ರೆ ಬಿದ್ದಿತ್ತು. ಆ ಕಾನೂನನ್ನು ಕೊನೆಯವರೆಗೂ ವಿರೋಧಿಸಿದವರಲ್ಲಿ ಬ್ರಿಸ್ಟಲ್‌ನ ಸಕ್ಕರೆ ವ್ಯಾಪಾರಿಗಳಿದ್ದರು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ನೋಡುವ ಪಾಠ ನಮ್ಮಲ್ಲಿ ಬರಲೇ ಇಲ್ಲ.

ಪುಸ್ತಕವನ್ನಷ್ಟೇ ವಿಮರ್ಶಿಸಬೇಕು ಎಂದು ನಂಬಿರುವ ಪಂಡಿತರಿದ್ದಾರೆ. ನಾವು ಹಾಗೆ ತಿಳಿದಿಲ್ಲ. ಒಂದು ಊರು, ಅದರ ಸೇತುವೆ, ಅದರ ಪ್ರತಿಮೆಯ ಕೆಳಗಿನ ಬರಹ, ಅದರ ಬಂದರಿನ ನೀರು ಇವೂ ಒಂದು ವರ್ಗ ತನ್ನ ಅನುಕೂಲಕ್ಕೆ ಬರೆದಿಟ್ಟ ಬರಹಗಳೇ. ಕಾವ್ಯವನ್ನು ಯಾರು, ಯಾರಿಗಾಗಿ, ಯಾರ ಬಾಯಿ ಮುಚ್ಚಿಸಿ ಬರೆದರು ಎಂದು ನಾವು ಕೇಳುತ್ತೇವೆ. ಬಂದರನ್ನೂ ಹಾಗೇ ಕೇಳಬೇಕು. ಈ ಲೇಖನ ಬ್ರಿಸ್ಟಲ್‌ನ ನೀರನ್ನು ಆ ರೀತಿ ಓದುವ ಪ್ರಯತ್ನ.

1

ಬ್ರಿಸ್ಟಲ್ ಸಮುದ್ರದ ದಡದಲ್ಲಿಲ್ಲ. ಏವನ್ ನದಿಯ ಮೇಲೆ, ಸಮುದ್ರದಿಂದ ಏಳೆಂಟು ಮೈಲಿ ಒಳಗಿದೆ. ಆ ನದಿ ಸೇರುವ ಸೆವರ್ನ್ ಅಳಿವೆಯಲ್ಲಿ ಉಬ್ಬರ ಇಳಿತಗಳ ಅಂತರ 12 ಮೀಟರಿಗೂ ಹೆಚ್ಚು. ಲೋಕದಲ್ಲೇ ಇಷ್ಟು ಏರಿಳಿಯುವ ನೀರು ಬಹಳ ಕಡೆ ಇಲ್ಲ. ಉಬ್ಬರ ಬಂದಾಗ ಹಡಗು ನದಿಯೊಳಕ್ಕೆ ಏರಿ ಊರ ಮಧ್ಯಕ್ಕೆ ಬರುತ್ತಿತ್ತು. ಇಳಿತ ಬಂತೆಂದರೆ ನೀರೆಲ್ಲ ಬಸಿದು, ಅದೇ ಹಡಗು ಕೆಸರಿನಲ್ಲಿ ಮಗ್ಗುಲಾಗಿ ಕೂತುಬಿಡುತ್ತಿತ್ತು. ಭಾರ ತುಂಬಿದ ಹಡಗಿನ ಬೆನ್ನುಮೂಳೆಯೇ ಮುರಿಯುವ ಅಪಾಯ. ದಿನಕ್ಕೆರಡು ಸಲ ಈ ಪಾಡು.

ಈ ನೀರನ್ನು ತಿದ್ದುವ ಕೆಲಸ ಹಳೆಯದು. 1240ರ ದಶಕದಲ್ಲೇ ಫ್ರೋಮ್ ಎಂಬ ಉಪನದಿಯ ಪಾತ್ರವನ್ನು ಬದಲಿಸಲು ದೊಡ್ಡ ಕಾಲುವೆ ತೋಡಿದರು. ಎದುರು ದಡದ ರೆಡ್‌ಕ್ಲಿಫ್‌ನ ಜನರೂ ಬಂದು ಕೆಲಸಕ್ಕೆ ಕೈಹಚ್ಚಬೇಕೆಂದು ಮೂರನೇ ಹೆನ್ರಿಯ ಆಜ್ಞೆಯಾಯಿತು. ಮನುಷ್ಯರನ್ನು ಮಾರುವ ವ್ಯಾಪಾರವೂ ಈ ಊರಿಗೆ ಹೊಸದಲ್ಲ. 11ನೇ ಶತಮಾನದಲ್ಲಿ ಇಂಗ್ಲೆಂಡಿನ ಬಡಬಗ್ಗರನ್ನೇ ಹಿಡಿದು ಇಲ್ಲಿಂದ ಐರ್ಲೆಂಡಿಗೆ ಮಾರುತ್ತಿದ್ದರು. ವುಸ್ಟರಿನ ಬಿಷಪ್ ವುಲ್ಫ್‌ಸ್ಟನ್ ಬಂದು ಅದರ ವಿರುದ್ಧ ಬೋಧನೆ ಮಾಡಬೇಕಾಯಿತು. ಅಂದರೆ ಆ ದಡಕ್ಕೆ ಮೊದಲಿಂದಲೂ ಮನುಷ್ಯನ ತೂಕ ಗೊತ್ತಿತ್ತು. ಚರ್ಮದ ಬಣ್ಣ ಆಮೇಲೆ ಬಂತು.

1804ರಿಂದ 1809ರವರೆಗೆ ವಿಲಿಯಂ ಜೆಸಪ್ ಎಂಬ ಎಂಜಿನಿಯರ್ ಇಡೀ ನದಿಯನ್ನೇ ಮಾರ್ಪಡಿಸಿದ. ಹಳೆಯ ಪಾತ್ರಕ್ಕೆ ಅಡ್ಡಕಟ್ಟೆ ಹಾಕಿ, ಲಾಕ್ ಗೇಟುಗಳನ್ನು ಕೂರಿಸಿ, ಸುಮಾರು 70 ಎಕರೆ ನೀರನ್ನು ಊರ ಒಡಲಲ್ಲಿ ಹಿಡಿದು ನಿಲ್ಲಿಸಿದ. ಏರಿಳಿಯುವ ನದಿಗೆ ದಕ್ಷಿಣದಲ್ಲಿ 'ನ್ಯೂ ಕಟ್' ಎಂಬ ಹೊಸ ಪಾತ್ರ ತೋಡಿಸಿದ. ಮೇಲುಗಡೆ ನೆದಮ್ ಎಂಬಲ್ಲಿ ಒಡ್ಡು ಕಟ್ಟಿ, ಅಲ್ಲಿಂದ ಒಂದು ಕಾಲುವೆಯಲ್ಲಿ ಬಂದರಿಗೆ ನೀರು ಹರಿಸಿದ. ಉಬ್ಬರ ಇರಲಿ ಇಳಿತ ಇರಲಿ, ಹಡಗುಗಳು ತೇಲುತ್ತಲೇ ಇರುವಂತಾಯಿತು. ಅದಕ್ಕೇ ಅದರ ಹೆಸರು ತೇಲುವ ಬಂದರು, ಫ್ಲೋಟಿಂಗ್ ಹಾರ್ಬರ್. 1809ರ ಮೇ 1ರಂದು ತೆರೆಯಿತು.

ಇದನ್ನು ಹೇಳುವಾಗ ಎಂಜಿನಿಯರಿಂಗಿನ ಚರಿತ್ರೆಕಾರರ ಮಾತಿಗೆ ರೆಕ್ಕೆ ಬರುತ್ತದೆ. ಪ್ರಕೃತಿಯ ಮೇಲೆ ಮನುಷ್ಯನ ಗೆಲುವು, ಒಬ್ಬ ಮೇಧಾವಿಯ ಸಾಹಸ, ಇತ್ಯಾದಿ. ಸಾಹಸ ಅಲ್ಲ ಎಂದು ನಾವು ಹೇಳುವುದಿಲ್ಲ. ಕೆರೆಗೆ ತೂಬು ಕೂರಿಸುವುದು ಎಷ್ಟು ಕಷ್ಟ ಅಂತ ಹಳ್ಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಬಗೆಯ ಕಥನದಲ್ಲಿ ಒಂದು ಹುನ್ನಾರ ಇದೆ. ಅಲ್ಲಿ ಇರುವುದು ಎರಡೇ ಪಾತ್ರ: ಉಬ್ಬರವಿಳಿತ ಎಂಬ ಖಳನಾಯಕ, ಜೆಸಪ್ ಎಂಬ ನಾಯಕ. ಹಡಗಿನೊಳಗೆ ಏನಿತ್ತು ಎಂಬ ಪ್ರಶ್ನೆ ಏಳುವುದೇ ಇಲ್ಲ. ಇಷ್ಟು ಹಣ ಎಲ್ಲಿತ್ತು, ಇಷ್ಟು ಅವಸರ ಯಾಕಿತ್ತು ಎಂಬುದೂ ಏಳುವುದಿಲ್ಲ. ಯಾಕಂದ್ರೆ ಆ ಪ್ರಶ್ನೆ ಎದ್ದರೆ ನಾಯಕ ಖಳನಾಯಕರ ಪಟ್ಟಿ ಬದಲಾಗುತ್ತದೆ.

2

ಹಡಗಿನೊಳಗೆ ಏನಿತ್ತು?

ಆಫ್ರಿಕಾದ ವ್ಯಾಪಾರದ ಮೇಲೆ ಲಂಡನ್ನಿನ ರಾಯಲ್ ಆಫ್ರಿಕನ್ ಕಂಪನಿಗಿದ್ದ ಏಕಸ್ವಾಮ್ಯ 1698ರಲ್ಲಿ ಮುರಿಯಿತು. ಅದನ್ನು ಮುರಿಯಲು ಒತ್ತಾಯ ತಂದವರಲ್ಲಿ ಬ್ರಿಸ್ಟಲ್‌ನ ವ್ಯಾಪಾರಿಗಳ ಕೂಟವಾದ ಮರ್ಚೆಂಟ್ ವೆಂಚರರ್ಸ್ ಮುಂದಿತ್ತು. ಅವರು ಕೇಳಿದ್ದು 'ಮುಕ್ತ ವ್ಯಾಪಾರ'ವನ್ನು. ಮನುಷ್ಯರನ್ನು ಮಾರುವ ಸ್ವಾತಂತ್ರ್ಯಕ್ಕೆ ಆ ಕಾಲದಲ್ಲಿ ಇಟ್ಟ ಹೆಸರು ಅದು. ಅಲ್ಲಿಂದ 1807ರವರೆಗೆ ಬ್ರಿಸ್ಟಲ್‌ನಿಂದ ಹೊರಟ ಗುಲಾಮ ಹಡಗುಗಳ ಯಾನಗಳು ಸುಮಾರು 2,100. ಅವು ಆಫ್ರಿಕಾದಿಂದ ಹೊತ್ತೊಯ್ದ ಮನುಷ್ಯರು 5,00,000ಕ್ಕೂ ಹೆಚ್ಚು. 1730ರ ದಶಕದಲ್ಲಿ ಈ ದಂಧೆಯಲ್ಲಿ ಇಂಗ್ಲೆಂಡಿನ ಮೊದಲ ಬಂದರು ಬ್ರಿಸ್ಟಲ್. ಆಮೇಲೆ ಲಿವರ್‌ಪೂಲ್ ಅದನ್ನು ಹಿಂದೆ ಹಾಕಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಬ್ರಿಸ್ಟಲ್‌ನ ರೆಡ್‌ಕ್ಲಿಫ್ ದಡದಲ್ಲಿ ಕೆಂಪು ಮರಳುಗಲ್ಲಿನ ಗುಹೆಗಳಿವೆ. ಗುಲಾಮರನ್ನು ಅಲ್ಲಿ ಸರಪಳಿ ಹಾಕಿ ಕೂಡಿಡುತ್ತಿದ್ದರು ಎಂದು ಜನ ಕಥೆ ಹೇಳುತ್ತಾರೆ. ಅದು ನಿಜವಲ್ಲ. ಅವು ಗಾಜು ಮಾಡಲು ಮರಳು ತೋಡಿದ ಗುಹೆಗಳು. ಹಡಗುಗಳು ಬ್ರಿಸ್ಟಲ್‌ನಿಂದ ಸರಕು ತುಂಬಿ ಪಶ್ಚಿಮ ಆಫ್ರಿಕಾಕ್ಕೆ ಹೋದವು. ಅಲ್ಲಿ ಸರಕು ಕೊಟ್ಟು ಮನುಷ್ಯರನ್ನು ತುಂಬಿಕೊಂಡು ಜಮೈಕಾ, ಬಾರ್ಬಡೋಸ್, ನೇವಿಸ್ ದ್ವೀಪಗಳಿಗೆ ಹೋದವು. ಅಲ್ಲಿಂದ ಸಕ್ಕರೆ, ರಮ್, ಹೊಗೆಸೊಪ್ಪು ಹೇರಿಕೊಂಡು ಬ್ರಿಸ್ಟಲ್‌ಗೆ ವಾಪಸು. ಆ 5,00,000 ಜನರಲ್ಲಿ ಏವನ್ ನದಿಯನ್ನು ಕಣ್ಣಲ್ಲಿ ಕಂಡವರು ತೀರಾ ಕಡಿಮೆ.

ಈ ಸುಳ್ಳು ಕಥೆ ಯಾಕೆ ಹುಟ್ಟಿತು? ಜನ ಪಾಪವನ್ನು ಕತ್ತಲೆಯ ಗುಹೆಯಲ್ಲಿ ಹುಡುಕುತ್ತಾರೆ. ಪಾಪ ನಡೆದದ್ದು ಬಿಸಿಲಿನಲ್ಲಿ, ಕಿಟಕಿಗಳಿದ್ದ ಕಚೇರಿಯಲ್ಲಿ, ಲೆಕ್ಕದ ಪುಸ್ತಕದ ಮೇಲೆ. ಸರಪಳಿ ಬ್ರಿಸ್ಟಲ್‌ನಲ್ಲಿ ಕಾಣಿಸಲಿಲ್ಲ. ಸಕ್ಕರೆ ಕಾಣಿಸಿತು. ಸಕ್ಕರೆಯನ್ನು ಶುದ್ಧಮಾಡುವ ಕಾರ್ಖಾನೆಗಳು ಊರೊಳಗೆ ಒಂದೊಂದಾಗಿ ಎದ್ದವು. ಸಕ್ಕರೆ ಬೆಳ್ಳಗಿತ್ತು, ಕೈಗೆ ರಕ್ತ ಅಂಟುತ್ತಿರಲಿಲ್ಲ. ಶೋಷಣೆ ಎಷ್ಟು ದೂರದಲ್ಲಿ ನಡೆದರೆ ಶೋಷಕನ ಮನೆ ಅಷ್ಟು ಸಭ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಊರಿಂದ ಕೇರಿಯನ್ನು ದೂರ ಇಟ್ಟವರಿಗೂ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು.

ಇನ್ನು ಆಫ್ರಿಕಾಕ್ಕೆ ಹೋದ ಸರಕಿನ ಕಡೆ ನೋಡೋಣ. ಏವನ್ ನದಿಯ ಮೇಲೆ, ಅದರ ಉಪನದಿಗಳ ಮೇಲೆ, ನೀರಿನ ಚಕ್ರದಿಂದ ತಿರುಗುವ ಸುತ್ತಿಗೆಗಳು ಹಿತ್ತಾಳೆ ಬಡಿಯುತ್ತಿದ್ದವು. ಕೇನ್‌ಶಮ್, ಸಾಲ್ಟ್‌ಫರ್ಡ್ ಮೊದಲಾದ ಕಡೆ ಇಂಥ ಗಿರಣಿಗಳು. ಅಲ್ಲಿ ತಯಾರಾದ ಹಿತ್ತಾಳೆ ಪಾತ್ರೆ, ಮನಿಲ್ಲಾ ಎಂಬ ಕಡಗಗಳು ಆಫ್ರಿಕಾದಲ್ಲಿ ಮನುಷ್ಯರನ್ನು ಕೊಳ್ಳುವ ನಾಣ್ಯ. ಹಾಗಾಗಿ ಬಂದರಿನ ನೀರಷ್ಟೇ ಅಲ್ಲ, ಹತ್ತಾರು ಮೈಲಿ ಮೇಲಿನ ಹಳ್ಳದ ನೀರೂ ಈ ವ್ಯಾಪಾರಕ್ಕೆ ಜೀತ ಮಾಡಿತು.

ನಮ್ಮ ದೇಶದ ಬೆವರೂ ಆ ಹಡಗಿನಲ್ಲಿತ್ತು. ಗುಲಾಮರನ್ನು ಕೊಳ್ಳಲು ಆಫ್ರಿಕಾಕ್ಕೆ ಹೋದ ಸರಕುಗಳಲ್ಲಿ ಭಾರತದ ಹತ್ತಿಬಟ್ಟೆಗೆ ದೊಡ್ಡ ಪಾಲು. ಗುಜರಾತಿನ, ಕೋರಮಂಡಲದ ನೇಕಾರ ನೇಯ್ದ ನೀಲಿ ಬಟ್ಟೆ, ಪಟ್ಟೆ ಬಟ್ಟೆಗಳನ್ನು ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿಗೆ ಒಯ್ದು ಹರಾಜು ಹಾಕುತ್ತಿತ್ತು. ಮಾಲ್ಡೀವ್ಸ್‌ನ ಕವಡೆಗಳೂ ಹಿಂದೂ ಮಹಾಸಾಗರ ದಾಟಿ ಬಂದು ಅದೇ ದಾರಿ ಹಿಡಿದವು. ಇಲ್ಲಿನ ನೇಕಾರ ಅರೆಹೊಟ್ಟೆಯಲ್ಲಿ ನೇಯ್ದ ಬಟ್ಟೆ ಅಲ್ಲಿ ಒಬ್ಬ ಮನುಷ್ಯನ ಬೆಲೆಯ ಭಾಗವಾಯಿತು. ತನ್ನ ಬಟ್ಟೆ ಎಲ್ಲಿಗೆ ಹೋಯಿತು ಅಂತ ಆ ನೇಕಾರನಿಗೆ ಗೊತ್ತಿರಲಿಲ್ಲ. ದುಡಿಯುವ ಜನ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ನೋಡಿಕೊಳ್ಳುವುದರಲ್ಲಿಯೇ ವಸಾಹತುಶಾಹಿಯ ಜಾಣತನ ಇತ್ತು.

3

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ಪ್ರಾಮಾಣಿಕತೆ ಅಲ್ಲ. ಗುಲಾಮ ವ್ಯಾಪಾರ ನಿಷೇಧವಾದದ್ದು 1807ರಲ್ಲಿ, ತೇಲುವ ಬಂದರು ತೆರೆದದ್ದು 1809ರಲ್ಲಿ. ಅಂದಮೇಲೆ ಅದನ್ನು ಗುಲಾಮಗಿರಿಯ ಬಂದರು ಅನ್ನುವುದು ಹೇಗೆ?

ಉತ್ತರ ಇಷ್ಟು. 1807ರಲ್ಲಿ ನಿಂತದ್ದು ಆಫ್ರಿಕಾದಿಂದ ಮನುಷ್ಯರನ್ನು ಸಾಗಿಸುವುದು. ಗುಲಾಮಗಿರಿ ನಿಲ್ಲಲಿಲ್ಲ. ದ್ವೀಪಗಳ ಕಬ್ಬಿನ ತೋಟಗಳಲ್ಲಿ ಅದೇ ಜನ, ಅವರ ಮಕ್ಕಳು ಇನ್ನೂ 30 ವರ್ಷ ದುಡಿದರು. ಬ್ರಿಸ್ಟಲ್ ಆ ಹೊತ್ತಿಗೆ ಮನುಷ್ಯರ ಸಾಗಣೆಯಲ್ಲಿ ಲಿವರ್‌ಪೂಲಿಗೆ ಸೋತು, ಸಕ್ಕರೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಕೆಸರಿನಲ್ಲಿ ಕೂರದೆ ತೇಲಬೇಕಾಗಿದ್ದ ಹಡಗುಗಳಲ್ಲಿ ಅತಿ ಬೆಲೆಬಾಳುವ ಹಡಗುಗಳು ವೆಸ್ಟ್ ಇಂಡೀಸಿನ ಸಕ್ಕರೆ ಹೊತ್ತವು. ಲಿವರ್‌ಪೂಲ್ ತನ್ನ ಮೊದಲ ಕಟ್ಟಿದ ಹಡಗುಕಟ್ಟೆಯನ್ನು 1715ರಲ್ಲೇ ತೆರೆದಿತ್ತು. ಅದರ ಪೈಪೋಟಿಗೆ ಬಿದ್ದು ಬ್ರಿಸ್ಟಲ್‌ನ ವ್ಯಾಪಾರಿಗಳು ನದಿಯನ್ನು ನಿಲ್ಲಿಸಿದರು. ಕಲ್ಲು ಕಟ್ಟಿದ ವರ್ಷವನ್ನಷ್ಟೇ ನೋಡಿದರೆ ಬಂದರು ನಿರಪರಾಧಿ. ಕಲ್ಲು ಕೊಂಡ ಹಣ ನೋಡಿದರೆ, ಬಂದರಿಗೆ ಬಂದ ಸರಕು ನೋಡಿದರೆ, ತೀರ್ಪು ಬೇರೆ.

ಈ ಬಂದರಿನ ಭಾರ ಊರೊಳಗೆ ಯಾರ ಮೇಲೆ ಬಿತ್ತು ಎಂಬುದೂ ಮುಖ್ಯ. ಅದನ್ನು ತೋಡಿದ್ದು ಇಂಗ್ಲಿಷ್ ಮತ್ತು ಐರಿಷ್ ಕೂಲಿಗಳು, ಗುದ್ದಲಿ ಕೈಗಾಡಿ ಹಿಡಿದು. ಕೆಲಸ ಮುಗಿದ ದಿನ ಒಂದು ಸಾವಿರ ಕೂಲಿಗಳಿಗೆ ಧಣಿಗಳು ಔತಣ ಹಾಕಿದರು. ಎತ್ತುಗಳನ್ನು ಇಡಿಯಾಗಿ ಸುಟ್ಟರು, ಬಿಯರು ಹರಿಸಿದರು. ಕುಡಿದ ಇಂಗ್ಲಿಷರೂ ಐರಿಷರೂ ಹೊಡೆದಾಡಿಕೊಂಡರು. ಐದು ವರ್ಷ ಒಂದೇ ಮಣ್ಣು ಹೊತ್ತವರು ಔತಣದ ದಿನ ಪರಸ್ಪರ ತಲೆ ಒಡೆದರು. ಧಣಿಗಳ ಮೈಮೇಲೆ ಒಂದು ಗೀರು ಬೀಳಲಿಲ್ಲ. ಇದನ್ನು ಓದಿದಾಗ ನಮಗೆ ನಗು ಬರಲಿಲ್ಲ. ಎಡಗೈ ಬಲಗೈ ಎಂದು ಬಡಿದಾಡಿದ ನಮ್ಮ ಕೇರಿಗಳ ನೆನಪಾಯಿತು.

ನಿಂತ ನೀರಿಗೆ ಇನ್ನೊಂದು ಗುಣ ಉಂಟು. ಮೊದಲು ಇಳಿತ ಬಂದಾಗ ಊರ ಕೊಳಕೆಲ್ಲ ಸಮುದ್ರಕ್ಕೆ ಕೊಚ್ಚಿಹೋಗುತ್ತಿತ್ತು. ಈಗ ಫ್ರೋಮ್ ನದಿಗೆ ಬಿಟ್ಟ ಚರಂಡಿಯೆಲ್ಲ ಬಂದರಿನಲ್ಲೇ ಕೊಳೆಯತೊಡಗಿತು. ನಾತ ತಡೆಯಲಾರದೆ ಜನ ದೂರು ಕೊಟ್ಟರು. 1820ರ ದಶಕದಲ್ಲಿ ನೆಲದಡಿಯ ಮೋರಿ ಕಟ್ಟಿ ಆ ಕೊಳಕನ್ನು ನ್ಯೂ ಕಟ್‌ಗೆ ತಿರುಗಿಸಬೇಕಾಯಿತು. ತಳದಲ್ಲಿ ತುಂಬುವ ಹೂಳು ಎತ್ತಲು 1830ರ ದಶಕದಲ್ಲಿ ಬ್ರುನೆಲ್ ಎಂಬ ಎಂಜಿನಿಯರ್ ಬರಬೇಕಾಯಿತು. 1832ರಲ್ಲಿ ಊರಿಗೆ ಕಾಲರಾ ಬಂತು. ಉಳ್ಳವರು ಅಷ್ಟು ಹೊತ್ತಿಗೆ ಕ್ಲಿಫ್ಟನ್ ಗುಡ್ಡದ ಮೇಲೆ ಗಾಳಿ ಬೆಳಕಿನ ಮನೆ ಕಟ್ಟಿಕೊಂಡಿದ್ದರು. ಗುಡ್ಡದ ಕೆಳಗೆ ನಾತದಲ್ಲಿ ಉಳಿದವರು ಕೂಲಿಗಳು, ನಾವಿಕರು. ಸಕ್ಕರೆಯ ಸಿಹಿ ಗುಡ್ಡ ಹತ್ತಿತು, ಅದರ ಹೊಲಸು ತಗ್ಗಿನಲ್ಲೇ ನಿಂತಿತು.

4

1833ರ ಕಾನೂನಿಗೆ ಬರೋಣ. ಅದನ್ನು ಬ್ರಿಟಿಷರ ಉದಾರತೆಯ ಕಥೆಯಾಗಿ ನಮಗೆ ಕಲಿಸಲಾಗಿದೆ. ಆ ಉದಾರತೆಯ ಲೆಕ್ಕ ಹೀಗಿದೆ. ಗುಲಾಮರನ್ನು ಕಳೆದುಕೊಂಡ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಇಲ್ಲದ್ದಷ್ಟೇ ಅಲ್ಲ, 'ಕಸಬು ಕಲಿಯುವವರು' ಎಂಬ ಹೊಸ ಹೆಸರಲ್ಲಿ ಅವರು 1838ರವರೆಗೆ ಅದೇ ತೋಟದಲ್ಲಿ ಅದೇ ಧಣಿಗೆ ಬಿಟ್ಟಿ ದುಡಿಯಬೇಕಾಯಿತು. ಬ್ರಿಸ್ಟಲ್‌ನ ಅನೇಕ ಮನೆತನಗಳು ಪರಿಹಾರದ ಸಾಲಿನಲ್ಲಿ ನಿಂತು ಹಣ ಎಣಿಸಿಕೊಂಡವು. ಪರಿಹಾರಕ್ಕೆಂದು ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಗುಲಾಮರ ಮೊಮ್ಮಕ್ಕಳ ಮಕ್ಕಳು ಇಂಗ್ಲೆಂಡಿಗೆ ದುಡಿಯಲು ಬಂದು ಕಟ್ಟಿದ ತೆರಿಗೆಯಿಂದಲೂ ಅವರ ಹಿರಿಯರ ಒಡೆಯರಿಗೆ ಕೊಟ್ಟ ಹಣದ ಸಾಲ ತೀರಿತು.

ಆ ಕಾನೂನಿನಲ್ಲಿ ಇನ್ನೊಂದು ಸಾಲು ಇತ್ತು. ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಇದು ಅನ್ವಯಿಸುವುದಿಲ್ಲ! ನಮ್ಮ ಪಠ್ಯಗಳಲ್ಲಿ ಈ ಸಾಲನ್ನು ನಾವು ಎಲ್ಲೂ ಓದಿದ್ದಿಲ್ಲ. ಯಾಕೆ ಅನ್ವಯಿಸಲಿಲ್ಲ? ಇಲ್ಲಿ ಗುಲಾಮರು ಇರಲಿಲ್ಲವೇ? ಟಿಪ್ಪು ಸತ್ತ ಮರುವರ್ಷ, 1800-1801ರಲ್ಲಿ, ಕಂಪನಿಯ ಪರವಾಗಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್, ಗದ್ದೆಗಳಲ್ಲಿ ಕೊಂಡು ಮಾರಲಾಗುವ ಆಳುಗಳನ್ನು ಕಂಡು ಬರೆದಿಟ್ಟಿದ್ದಾನೆ. ದಕ್ಷಿಣ ಕನ್ನಡದಲ್ಲಿ 'ಮೂಲದ ಹೊಲೆಯರು' ಎಂಬ ಮಾತೇ ಇತ್ತು. ಗದ್ದೆಯ ಮೂಲಕ್ಕೆ ಹುಟ್ಟಿನಿಂದಲೇ ಅಂಟಿಕೊಂಡ ಜನ ಎಂದು ಅರ್ಥ. ಅವರು ಬೆಳೆದ ಅಕ್ಕಿ ಕರಾವಳಿಯ ಧಕ್ಕೆಗಳಿಂದ ಹಡಗು ಹತ್ತಿ ಹೋಗುತ್ತಿತ್ತು. ಕಂಪನಿಗೆ ಕಂದಾಯ ಬೇಕಿತ್ತು, ಕಂದಾಯ ಕಟ್ಟುವ ಭೂಮಾಲೀಕರನ್ನು ನೋಯಿಸುವ ಮನಸ್ಸಿರಲಿಲ್ಲ. ಕೊನೆಗೆ 1843ರ 5ನೇ ಕಾಯಿದೆ ಗುಲಾಮರ ಮೇಲಿನ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂದಿತು. ಕಾಗದ ಬದಲಾಯಿತು. ಸಾಲದ ಹೆಸರಲ್ಲಿ ಜೀತ ಮುಂದುವರಿಯಿತು. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ.

ಅತ್ತ ಗುಲಾಮರು ಬಿಡುಗಡೆಯಾದ 1838ರಲ್ಲೇ ಭಾರತದ ಕೂಲಿಗಳನ್ನು ತುಂಬಿಕೊಂಡ ಮೊದಲ ಹಡಗುಗಳು ಗಯಾನಾ ಮುಟ್ಟಿದವು. ಕಬ್ಬು ಕಡಿಯಲು ಕೈ ಬೇಕಿತ್ತು. ಕರಿಯ ಕೈ ಹೋದರೆ ಕಂದು ಕೈ. ಹಡಗು ನಿಲ್ಲಲಿಲ್ಲ.

ಇಷ್ಟು ಹೇಳಿ ಒಂದು ಎಚ್ಚರಿಕೆ ಹೇಳಬೇಕು. ಆಫ್ರಿಕಾದ ಗುಲಾಮನೂ ನಮ್ಮ ಅಸ್ಪೃಶ್ಯನೂ ಒಂದೇ ಎಂದು ಸರಳ ಮಾಡುವುದು ತಪ್ಪು. ಅಂಬೇಡ್ಕರ್ ಈ ಎರಡನ್ನೂ ಎದುರುಬದುರು ಇಟ್ಟು ಪರಿಶೀಲಿಸಿದವರು. ಅಸ್ಪೃಶ್ಯತೆ ಮರೆಯಲ್ಲಿ ನಿಂತ ಗುಲಾಮಗಿರಿ, ಆದ್ದರಿಂದಲೇ ಅದು ಹೆಚ್ಚು ಕ್ರೂರ ಎಂದು ವಾದಿಸಿದವರು. ಗುಲಾಮನಿಗೆ ತಾನು ಗುಲಾಮ ಅಂತ ಗೊತ್ತು. ನಮ್ಮವನಿಗೆ ಅದನ್ನು ಧರ್ಮ ಅಂತ ಹೇಳಿಕೊಟ್ಟರು. ಆದರೂ ಈ ಎರಡು ಜನ ಒಬ್ಬರನ್ನೊಬ್ಬರು ಗುರುತಿಸಿಕೊಂಡಿದ್ದಾರೆ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ನೀಗ್ರೋ ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಮೆರಿಕದ ಕರಿಯರ ಚಳವಳಿಯಿಂದ ಪಡೆದರು. ನಾವು ಬ್ರಿಸ್ಟಲ್ ಕಡೆ ನೋಡುವುದು ಈ ನಂಟಿನಿಂದಲೇ.

5

ಈಗ ಆ ಬಂದರಿನ ದಡದಲ್ಲಿ ನಿಂತಿರುವ, ನಿಂತಿದ್ದ ಎರಡು ಬರಹಗಳನ್ನು ಓದೋಣ. ಒಂದು ಪ್ರತಿಮೆ, ಇನ್ನೊಂದು ಸೇತುವೆ.

ಎಡ್ವರ್ಡ್ ಕೋಲ್‌ಸ್ಟನ್ 1680ರಲ್ಲಿ ರಾಯಲ್ ಆಫ್ರಿಕನ್ ಕಂಪನಿ ಸೇರಿದ, ಮುಂದೆ ಅದರ ಉಪ ಗವರ್ನರ್ ಆದ. ಅವನು ಅದರಲ್ಲಿದ್ದ ಅವಧಿಯಲ್ಲಿ ಕಂಪನಿ ಸಾಗಿಸಿದ ಆಫ್ರಿಕನ್ನರು ಅಂದಾಜು 84,000. ದಾರಿಯಲ್ಲೇ ಸತ್ತವರು ಅಂದಾಜು 19,000. ಅವನು ಬ್ರಿಸ್ಟಲ್‌ಗೆ ಶಾಲೆ, ಅನಾಥಾಲಯ, ಮುದುಕರ ಮನೆ ಕಟ್ಟಿಸಿಕೊಟ್ಟ. ಆ ದಾನಕ್ಕೂ ಒಂದು ಜಾತಿ ಇತ್ತು: ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರದವರ ಮಕ್ಕಳಿಗೆ ಅವನ ಶಾಲೆಯಲ್ಲಿ ಜಾಗ ಇರಲಿಲ್ಲ. ಅವನು ಸತ್ತದ್ದು 1721ರಲ್ಲಿ. ಪ್ರತಿಮೆ ನಿಲ್ಲಿಸಿದ್ದು 1895ರಲ್ಲಿ. ಅಷ್ಟು ವರ್ಷ ಬಿಟ್ಟು ಯಾಕೆ? ಗುಲಾಮ ಹಡಗಿನ ನೆನಪು ಮಾಸಿ ದಾನದ ನೆನಪು ಮಾತ್ರ ಉಳಿಯಲು ಅಷ್ಟು ಕಾಲ ಬೇಕಾಯಿತು. ದುಡಿಯುವ ವರ್ಗ ಸಂಘ ಕಟ್ಟಿ ಎದ್ದು ನಿಲ್ಲುತ್ತಿದ್ದ ಆ ಕಾಲದಲ್ಲಿ, 'ನೋಡಿ, ವ್ಯಾಪಾರಿಯೇ ನಿಮ್ಮ ತಂದೆ' ಎಂದು ತೋರಿಸಲು ಒಂದು ಕಂಚಿನ ತಂದೆ ಬೇಕಾಗಿದ್ದ. ಕೆಳಗಿನ ಬರಹದಲ್ಲಿ ಅವನು ಈ ನಗರದ ಸದ್ಗುಣಿ ಮತ್ತು ವಿವೇಕಿ ಮಗ, ಇದನ್ನು ನಿಲ್ಲಿಸಿದವರು ನಗರದ ಪ್ರಜೆಗಳು ಎಂದಿತ್ತು. ವಾಸ್ತವದಲ್ಲಿ ಚಂದಾ ಎತ್ತಿದರೂ ಬೇಕಾದಷ್ಟು ಹಣ ಸಲೀಸಾಗಿ ಕೂಡಿರಲಿಲ್ಲ. ಗುಲಾಮ ಎಂಬ ಶಬ್ದ ಆ ಬರಹದಲ್ಲಿ ಇರಲೇ ಇಲ್ಲ. ಆ ಶಬ್ದವನ್ನು ಸೇರಿಸಿ ಎರಡನೇ ಫಲಕ ಹಾಕೋಣ ಎಂದು 2018ರಲ್ಲಿ ಹೊರಟರು. ಯಾವ ಪದ ಇರಬೇಕು, ಯಾವುದು ಇರಬಾರದು ಎಂದು ಜಗ್ಗಾಡಿ ಜಗ್ಗಾಡಿ ಫಲಕ ಏಳಲೇ ಇಲ್ಲ. ಭಾಷೆಯ ಮೇಲೆ ಯಾರ ಹಿಡಿತ ಇದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

2020ರ ಜೂನ್ 7ರಂದು, ಅಮೆರಿಕದ ಜಾರ್ಜ್ ಫ್ಲಾಯ್ಡ್‌ನ ಕೊಲೆಯ ವಿರುದ್ಧ ಲೋಕವೆಲ್ಲ ಸಿಡಿದೆದ್ದಾಗ, ಜನ ಆ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿದರು. ಬೀದಿಯಲ್ಲಿ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ನೂಕಿದರು. ನಾಲ್ಕು ದಿನದಲ್ಲಿ ನಗರಸಭೆ ಅದನ್ನು ಎತ್ತಿಸಿತು. ಕೇಸು ಎದುರಿಸಿದ ನಾಲ್ವರನ್ನು 2022ರ ಜನವರಿ 5ರಂದು ಪಂಚರು ನಿರ್ದೋಷಿಗಳು ಎಂದರು. ಪ್ರತಿಮೆಯನ್ನು ಬಂದರಿನ ಹಳೇ ಗೋದಾಮಿನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ, ಮೈಮೇಲಿನ ಬಣ್ಣದ ಬರಹ ಹಾಗೇ ಉಳಿಸಿ, ಮಲಗಿಸಿ ಇಟ್ಟರು.

ಇದನ್ನು ಗೂಂಡಾಗಿರಿ ಅಂದವರಿದ್ದಾರೆ, ಚರಿತ್ರೆಯನ್ನು ಅಳಿಸುವ ಕೆಲಸ ಅಂದವರಿದ್ದಾರೆ. ನಾವು ಕೇಳುವುದು ಇಷ್ಟೆ: 125 ವರ್ಷ ಆ ಪ್ರತಿಮೆ ನಿಂತೇ ಇದ್ದಾಗ ಹೊರಗಿನ ಎಷ್ಟು ಜನ ಕೋಲ್‌ಸ್ಟನ್ನನ ಚರಿತ್ರೆ ಓದಿದ್ದರು? ಬಿದ್ದ ಮೇಲೆ ಎಷ್ಟು ಜನ ಓದಿದರು? ಚರಿತ್ರೆ ಅಳಿಸಿದ್ದು ನಿಲ್ಲಿಸಿದವರೋ ಕೆಡವಿದವರೋ? ಅವರು ಅವನನ್ನು ಬೇರೆಲ್ಲಿಗೂ ಒಯ್ಯಲಿಲ್ಲ, ಅದೇ ನೀರಿಗೆ ಒಯ್ದರು ಎಂಬುದು ನಮಗೆ ಮುಖ್ಯವಾಗಿ ಕಾಣುತ್ತದೆ. ಆ ಜನಕ್ಕೆ ತಮ್ಮ ಊರನ್ನು ಓದಲು ಯಾವ ವಿಮರ್ಶಕನೂ ಬೇಕಾಗಿರಲಿಲ್ಲ.

ಪ್ರತಿಮೆ ಬಿದ್ದ ಜಾಗದ ಹತ್ತಿರವೇ ನೀರಿಗೆ ಅಡ್ಡಲಾಗಿ ಒಂದು ನಡೆಸೇತುವೆ ಇದೆ. 1999ರಲ್ಲಿ ತೆರೆದದ್ದು. ಹೆಸರು ಪೆರೋನ ಸೇತುವೆ. ಪೆರೋ ನೇವಿಸ್ ದ್ವೀಪದ ಹುಡುಗ. 1765ರಲ್ಲಿ, 12 ವರ್ಷದವನಿದ್ದಾಗ, ಜಾನ್ ಪಿನ್ನಿ ಎಂಬ ಸಕ್ಕರೆ ತೋಟದ ಒಡೆಯ ಅವನನ್ನೂ ಅವನ ಇಬ್ಬರು ತಂಗಿಯರನ್ನೂ ಕೊಂಡ. ಕ್ಷೌರದ ಕೆಲಸ ಕಲಿಸಿ ಮೈಗಾವಲಿನ ಆಳು ಮಾಡಿಕೊಂಡ. 1783ರಲ್ಲಿ ಪಿನ್ನಿ ಬ್ರಿಸ್ಟಲ್‌ಗೆ ಬಂದಾಗ ಪೆರೋನನ್ನೂ ಕರೆತಂದ. ಪಿನ್ನಿಯ ಮನೆ ಈಗ ವಸ್ತುಸಂಗ್ರಹಾಲಯ. ಅದರ ನೆಲಮಾಳಿಗೆಯಲ್ಲಿ ಧಣಿ ತಣ್ಣೀರಿಗೆ ಇಳಿದು ಸ್ನಾನ ಮಾಡುತ್ತಿದ್ದ ಕಲ್ಲಿನ ತೊಟ್ಟಿಯಿದೆ. ಪೆರೋ 1798ರಲ್ಲಿ ಸತ್ತ.

ಸೇತುವೆಗೆ ಅವನ ಹೆಸರು ಇಟ್ಟದ್ದು ಒಳ್ಳೆಯದೇ. ಆದರೆ ವಿಮರ್ಶೆ ಅಷ್ಟಕ್ಕೆ ತೃಪ್ತಿ ಪಡಬಾರದು. ಪೆರೋನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಪಿನ್ನಿಯ ಲೆಕ್ಕಪತ್ರ, ಕಾಗದಗಳಿಂದ ಬಂದದ್ದು. ಅವನು ಏನು ಯೋಚಿಸಿದ, ತಂಗಿಯರಿಗಾಗಿ ಅತ್ತನೋ ಇಲ್ಲವೋ, ಬಂದರಿನ ಹಡಗುಗಳನ್ನು ನೋಡಿ ಅವನಿಗೆ ಏನನ್ನಿಸಿತು, ಇದೊಂದೂ ಆ ಪುಸ್ತಕಗಳಲ್ಲಿಲ್ಲ. ಪ್ರವಾಸಿ ಆ ಸೇತುವೆ ದಾಟಿ ಹೋಟೆಲಿಗೆ ಹೋಗುತ್ತಾನೆ. 5,00,000 ಜನರ ಬದಲಿಗೆ ಒಂದು ಹೆಸರು, ಒಂದು ಫಲಕ, ಅಲ್ಲಿಗೆ ಸಾಲ ತೀರಿತು ಎಂಬ ಸಮಾಧಾನ. ನಮ್ಮಲ್ಲಿ ಬಡಾವಣೆಗೆ ಅಂಬೇಡ್ಕರ್ ಹೆಸರಿಟ್ಟು ಅದೇ ಬಡಾವಣೆಗೆ ನಲ್ಲಿ ಹಾಕಿಸದ ಪುರಸಭೆಗಳನ್ನು ಕಂಡಿರುವ ನಮಗೆ ಈ ಸಮಾಧಾನ ಹೊಸದಲ್ಲ.

ಹೆಸರಿನಿಂದ ಏನೂ ಆಗದು ಎಂದಲ್ಲ, ಹೋರಾಟ ಬೆನ್ನಿಗಿರಬೇಕು. 1963ರಲ್ಲಿ ಇದೇ ಬ್ರಿಸ್ಟಲ್‌ನ ಬಸ್ ಕಂಪನಿ ಕರಿಯರನ್ನೂ ಏಷ್ಯನ್ನರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಿತ್ತು. ಸಕ್ಕರೆ ದ್ವೀಪಗಳಿಂದ ಬಂದು ನೆಲೆಸಿದ್ದ ಜನ ಬಸ್ಸು ಹತ್ತುವುದನ್ನೇ ಬಿಟ್ಟರು. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮೊದಲಾದವರು ಮುಂದೆ ನಿಂತರು. ನಾಲ್ಕು ತಿಂಗಳಲ್ಲಿ, ಆಗಸ್ಟ್ 28ರಂದು, ಕಂಪನಿ ಮಣಿಯಿತು. ಆ ಗೆಲುವಿನ ನಂತರ ಮೊದಲು ಕಂಡಕ್ಟರ್ ಆದವರು ಭಾರತದಿಂದ ಹೋದ ಒಬ್ಬ ಸಿಖ್ಖರು. ಕರಿಯರು ನಡೆಸಿದ ಚಳವಳಿಯ ಫಲ ನಮ್ಮವರಿಗೂ ಸಿಕ್ಕಿತು. ರಾಮಮೋಹನರಾಯರ ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ನಮ್ಮ ಗಣ್ಯರು, ಕಾಲ್ನಡಿಗೆಯ ದೂರದಲ್ಲೇ ಇರುವ ಆ ಬಂದರಿನ ಈ ಋಣವನ್ನು ನೆನೆದದ್ದು ನಾವು ಕೇಳಿಲ್ಲ.

6

ತೇಲುವ ಬಂದರಿಗೆ ಈಗ ಸರಕಿನ ಹಡಗು ಬರುವುದಿಲ್ಲ. 1975ರಲ್ಲಿ ಅಲ್ಲಿನ ವಾಣಿಜ್ಯ ಮುಗಿಯಿತು. ಗೋದಾಮುಗಳು ಮನೆಗಳಾದವು, ಧಕ್ಕೆಗಳ ಮೇಲೆ ಹೋಟೆಲುಗಳು ಬಂದವು. ಚಿತ್ರಗಳಲ್ಲಿ ನೋಡಿದರೆ ನೀರು ಚಂದ ಕಾಣುತ್ತದೆ, ಅದರಲ್ಲಿ ಬಣ್ಣಬಣ್ಣದ ಮನೆಗಳ ನೆರಳು. ಈ ಚೆಲುವನ್ನು ಏನು ಮಾಡುವುದು? ಇದು ನಮ್ಮ ಸಾಹಿತ್ಯದ ಪ್ರಶ್ನೆಯೂ ಹೌದು. 'ಕೆರೆಗೆ ಹಾರ'ದ ಕಥೆ ಕೇಳಿ ಬೆಳೆದ ನಮಗೆ, ನೀರು ನಿಲ್ಲಲು ಭಾಗೀರಥಿಯನ್ನು ಕೊಟ್ಟ ಕೆರೆಯ ಚೆಲುವನ್ನು ಅವಳನ್ನು ಮರೆತು ಸವಿಯಲು ಆಗುವುದಿಲ್ಲ. ನಮ್ಮ ಜನಪದರು ಆ ಹೆಣ್ಣಿನ ಹೆಸರು ಹೇಳದೆ ಕೆರೆಯ ಹೆಸರು ಹೇಳಲಿಲ್ಲ. ಶಿಷ್ಟರ ರಸಾಸ್ವಾದಕ್ಕಿಂತ ಅದು ದೊಡ್ಡ ವಿಮರ್ಶೆ. ಚೆಲುವು ಬೇಡ ಎಂದು ನಾವು ಹೇಳುತ್ತಿಲ್ಲ. ಲೆಕ್ಕ ಒಪ್ಪಿಸದ ಚೆಲುವು ಬೇಡ.

ನೀರಿನ ಹಕ್ಕು ನಮ್ಮ ಚಳವಳಿಯ ಮೊದಲ ಪಾಠ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಅಂಬೇಡ್ಕರ್ ಬೊಗಸೆ ನೀರು ಕುಡಿದಾಗ ಮೇಲ್ಜಾತಿಯವರು 108 ಕೊಡ ಪಂಚಗವ್ಯ ಸುರಿದು ಆ ಕೆರೆಯನ್ನು 'ಶುದ್ಧ' ಮಾಡಿದರು. ದನ ಇಳಿದರೆ ಕೆಡದ ನೀರು ಮನುಷ್ಯ ಮುಟ್ಟಿದರೆ ಕೆಟ್ಟಿತು. ಬ್ರಿಸ್ಟಲ್‌ನ ವ್ಯಾಪಾರಿಗೆ ಈ ತೊಂದರೆ ಇರಲಿಲ್ಲ. ಗುಲಾಮನನ್ನು ಸಾವಿರಾರು ಮೈಲಿ ಆಚೆಯೇ ಇಟ್ಟಿದ್ದರಿಂದ ಅವನ ನೀರು ತಾನಾಗಿಯೇ ಶುದ್ಧವಾಗಿತ್ತು.

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಲ್ಲಿ ನಮ್ಮದೊಂದು ಕೋರಿಕೆ. ರಾಮಮೋಹನರಾಯರ ಪಾಠ ಬಂದಾಗ ಬ್ರಿಸ್ಟಲ್ ಎಂಬ ಹೆಸರಿನ ಹತ್ತಿರ ಐದು ನಿಮಿಷ ನಿಲ್ಲಿ. 1833ರ ಕಾನೂನನ್ನೂ, ಅದು ನಮ್ಮನ್ನು ಬಿಟ್ಟುಹೋದದ್ದನ್ನೂ ಹೇಳಿ. ಆಮೇಲೆ ಮಕ್ಕಳನ್ನು ನಿಮ್ಮೂರಿನ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ. ಇದನ್ನು ಕಟ್ಟಿಸಿದವರ ಹೆಸರು ಯಾವ ಕಲ್ಲಿನ ಮೇಲಿದೆ ಕೇಳಿ. ಮಣ್ಣು ಹೊತ್ತವರ ಹೆಸರು ಎಲ್ಲಿದೆ ಕೇಳಿ. ಈ ನೀರು ಯಾರ ಗದ್ದೆಗೆ ಹೋಗುತ್ತದೆ, ಯಾರು ಇಲ್ಲಿ ಕೊಡ ಮುಳುಗಿಸಬಾರದಿತ್ತು, ಯಾವ ವರ್ಷದ ತನಕ ಮುಳುಗಿಸಬಾರದಿತ್ತು ಅಂತ ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳಿ. ಅಜ್ಜಿ ಹೇಳಿದ್ದನ್ನು ಬರೆದುಕೊಳ್ಳಲಿ. ಪೆರೋನ ಮಾತನ್ನು ಬರೆದುಕೊಳ್ಳುವವರು ಯಾರೂ ಇರಲಿಲ್ಲ. ನಮ್ಮ ಅಜ್ಜಿಯರು ಇನ್ನೂ ಇದ್ದಾರೆ.